ಅಂಗಳದ ನಾಯಿಯಿಂದ ಮನೆಯ ನಾಯಿಯವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ತೋಟ-ಗದ್ದೆಗಳ ನಡುವೆ ಒಂಟಿಮನೆಗಳೇ ಹೆಚ್ಚು. ಸುತ್ತಲೂ ಕಾಡು. ಅಲ್ಲಿ ನಾಯಿಯು ಅಂಗಳ ಕಾಯುವ ಆಳಾಗಿತ್ತು. ಬೇಟೆಯ ರೂಢಿಯಿದ್ದ ಮನೆಗಳಲ್ಲಿ ಬೇಟೆಯ ಸಂಗಾತಿಯಾಗಿತ್ತು. ಉಳಿದ ಅನ್ನವೇ ಅದರ ಪಾಲು. ಬಾಂಧವ್ಯವಿತ್ತು, ಆದರೆ ಅದು ಉಪಯೋಗದ ಮೇಲೆ ನಿಂತಿತ್ತು.

ಈ ದೃಷ್ಟಿ ಬಹು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನು ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಮಡಿದಾಗ ಅವನು ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟನು. ಪ್ರೀತಿ ನಿಜವಾದುದೇ; ಆದರೆ ಮನ್ನಣೆ ಸಂದುದು ಕೊಲ್ಲುವ ಪರಾಕ್ರಮಕ್ಕೆ.

ಬೇರೊಂದು ಬಗೆಯ ನಂಟನ್ನು ತೀರ್ಥಹಳ್ಳಿಯ ಮಣ್ಣಿನವರೇ ಆದ ಕುವೆಂಪು 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಜೀತದ ಆಳಾದ ಗುತ್ತಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಇದ್ದುದು ಅಲ್ಪ. ಅವನ ನೆರಳಾಗಿದ್ದ ಹುಲಿಯ ಎಂಬ ನಾಯಿ ಕೊನೆಗೆ ತುಂಬಿ ಹರಿಯುವ ತುಂಗೆಯ ಪಾಲಾಗುತ್ತದೆ. ಓದುಗನ ಕಣ್ಣು ತೇವವಾಗುವುದು ಅದರ ಉಪಯೋಗವನ್ನು ನೆನೆದಲ್ಲ.

ಜೈನ ಪರಂಪರೆಯಾದರೋ ಉಪಯೋಗದ ಲೆಕ್ಕವನ್ನೇ ಬದಿಗಿರಿಸಿತು. 1424ರಲ್ಲಿ ಭಾಸ್ಕರ ಕವಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ, ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಸುದರ್ಶನ ಯಕ್ಷನಾಗಿ ಹುಟ್ಟುತ್ತದೆ. ಆ ನಾಯಿ ಯಾರ ಮನೆಯನ್ನೂ ಕಾಯ್ದುದಲ್ಲ. ಅದು ಜೀವ ಎಂಬುದಷ್ಟೇ ಸಾಕಾಯಿತು. ಇನ್ನು 12ನೆಯ ಶತಮಾನದ ಹೇಮಚಂದ್ರರು ‘ಯೋಗಶಾಸ್ತ್ರ’ದಲ್ಲಿ ಹಣದಾಸೆಗಾಗಿ ನಾಯಿ ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು ಶ್ರಾವಕನು ತೊರೆಯಬೇಕಾದ ವೃತ್ತಿಗಳಲ್ಲಿ ಎಣಿಸಿದ್ದಾರೆ.

ಕಾಲ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ಅಪರಾಧವಾಯಿತು. ಮಕ್ಕಳು ಉದ್ಯೋಗವನ್ನರಸಿ ಬೆಂಗಳೂರಿಗೆ ಹೊರಟುಹೋದ ಮನೆಗಳಲ್ಲಿ ನಾಯಿಯೇ ಹಿರಿಯರಿಗೆ ಮಾತಿನ ಜೊತೆಯಾಯಿತು. ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಮನೆಗೆ ಅದು ಬಂದಿತು. ಬೀದಿಯ ಮರಿಯನ್ನು ತಂದು ಸಾಕುವುದಕ್ಕೆ ಈಗ ‘ದತ್ತು’ ಎಂಬ ಮಾತೇ ಬಳಕೆಯಲ್ಲಿದೆ.

ದತ್ತು ಎಂಬುದು ಹಗುರವಾದ ಶಬ್ದವಲ್ಲ. ದತ್ತುಮಗುವನ್ನು ಬೇಡವೆನಿಸಿದ ದಿನ ಬೀದಿಗೆ ಬಿಡಲಾಗದು. ಆದರೆ ಮುದಿಯಾದ ನಾಯಿಯನ್ನು, ಹೆಣ್ಣುಮರಿಗಳನ್ನು ದೂರದ ರಸ್ತೆಯ ಬದಿಯಲ್ಲಿ ಬಿಟ್ಟುಬರುವ ಪದ್ಧತಿ ಇನ್ನೂ ಅಳಿದಿಲ್ಲ. ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವ ಮನೆಗಳೂ ಇವೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯು ಹಸಿವು-ಬಾಯಾರಿಕೆಗೆ ಗುರಿಮಾಡಿ ಪ್ರಾಣಿಯನ್ನು ತೊರೆಯುವುದನ್ನೂ, ತೀರ ಗಿಡ್ಡ ಸರಪಳಿಯಲ್ಲಿ ಬಹುಕಾಲ ಬಂಧಿಸುವುದನ್ನೂ ಅಪರಾಧವೆಂದಿದೆ. ಅದಕ್ಕೂ ಶತಮಾನಗಳ ಹಿಂದೆಯೇ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿತ್ತು: ಕಟ್ಟುವುದು, ಹೊಡೆಯುವುದು, ಅಂಗಚ್ಛೇದನ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ವ್ರತದ ದೃಷ್ಟಿಯಿಂದ ಸರಪಳಿ ಮೊದಲನೆಯದು, ತೊರೆಯುವುದು ಕೊನೆಯದು.

ಹೊಂಬುಜದಂತಹ ಪ್ರಾಚೀನ ಕ್ಷೇತ್ರವಿರುವ ಈ ಸೀಮೆಯ ಶ್ರಾವಕರಿಗೆ ಈ ಪಾಠ ಹೊಸದಲ್ಲ. ಮರಿಯನ್ನು ಮನೆಗೆ ತರುವ ಮುನ್ನ ಅದರ ಮುಪ್ಪಿನ ದಿನಗಳನ್ನೂ ಎಣಿಸಬೇಕು. ಬಸದಿಯ ಆವರಣಕ್ಕೆ ಬಂದ ಅನಾಥ ನಾಯಿಗೆ ದೊಣ್ಣೆಯ ಬದಲು ಒಂದು ಬಟ್ಟಲು ನೀರು, ರೇಬೀಸ್ ನಿರೋಧಕ ಲಸಿಕೆ, ಸಂತಾನ ನಿಯಂತ್ರಣದ ಚಿಕಿತ್ಸೆ ದೊರೆಯುವಂತೆ ಟ್ರಸ್ಟುಗಳು ನೋಡಿಕೊಳ್ಳಬಹುದು. ಕಾಳಿಗೆ ಕಲ್ಲು ನಿಲ್ಲಿಸಿದವನು ಅದು ಸತ್ತ ಮೇಲೆ ನಿಲ್ಲಿಸಿದನು. ದಯೆ ಸಲ್ಲಬೇಕಾದುದು ಬದುಕಿರುವಾಗ.