ಔಷಧಿಗೆ ಬಗ್ಗದ ರೋಗ, ಪಹಣಿಯಲ್ಲಿಲ್ಲದ ರೈತ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮುಸುಕಿನ ಜೋಳಕ್ಕೆ ಬಿಳಿಸುಳಿ ಬಂದಾಗಲೆಲ್ಲ ಒಂದು ಮಾತು ಕೇಳ್ತೀವಿ: "ಇವರಿಗೆ ಔಷಧಿ ಹೊಡೆಯೋದೇ ಗೊತ್ತಿಲ್ಲ, ಅದಕ್ಕೇ ರೋಗ ಹೋಗ್ತಿಲ್ಲ." ಈ ಮಾತಿಗೆ ಚರಿತ್ರೆಯಿಂದಲೇ ಉತ್ತರ ಕೊಡಬೇಕು ಅಂತ ಬರೀತಿದ್ದೀನಿ.

ಮೆಟಲಾಕ್ಸಿಲ್ ಅನ್ನೋ ಔಷಧಿಯನ್ನು ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿ ಮಾರುಕಟ್ಟೆಗೆ ತಂದದ್ದು 1970ರ ದಶಕದ ಕೊನೆಯಲ್ಲಿ. 1980ಕ್ಕೇ ಐರ್ಲೆಂಡ್, ನೆದರ್‌ಲ್ಯಾಂಡ್ಸ್‌ನ ಆಲೂಗಡ್ಡೆ ಹೊಲಗಳಲ್ಲಿ ಅಂಗಮಾರಿ ರೋಗ ಅದಕ್ಕೆ ಬಗ್ಗಲಿಲ್ಲ. ಕಾರಣ ಸರಳ. ಈ ಔಷಧಿ ರೋಗಾಣುವಿನ ಒಂದೇ ಒಂದು ಮರ್ಮಕ್ಕೆ ಹೊಡೆಯುತ್ತೆ. ಕೋಟಿ ಕೋಟಿ ರೋಗಾಣುಗಳಲ್ಲಿ ಆ ಮರ್ಮ ಕೊಂಚ ಬೇರೆ ಇರೋ ಕೆಲವು ಬದುಕಿ ಉಳೀತವೆ. ಮತ್ತೆ ಅದೇ ಔಷಧಿ ಹೊಡೆದರೆ ಹೊಲದ ತುಂಬ ಅವುಗಳದ್ದೇ ಸಂತಾನ. ಆಮೇಲೆ ಇದಕ್ಕೆ ಮ್ಯಾಂಕೋಜೆಬ್ ಬೆರೆಸಿ ಮಾರೋದು ಶುರುವಾಯ್ತು.

ನಮ್ಮ ರಾಜ್ಯದಲ್ಲೇ ಬೇರೆ ಅನುಭವವೂ ಇದೆ. ಅಡಿಕೆ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಬಳಕೆಗೆ ತಂದ ಬೋರ್ಡೋ ದ್ರಾವಣ, ಅಂದ್ರೆ ಮೈಲುತುತ್ತ ಮತ್ತು ಸುಣ್ಣ, ಇವತ್ತಿಗೂ ನಡೀತಿದೆ. ತಾಮ್ರ ರೋಗಾಣುವಿಗೆ ಹಲವು ಕಡೆ ಒಟ್ಟಿಗೆ ಹೊಡೆಯುತ್ತೆ, ತಪ್ಪಿಸಿಕೊಳ್ಳೋದು ಸುಲಭವಲ್ಲ.

ಹಾಸನದ ಆಲೂಗಡ್ಡೆಗೆ ಬನ್ನಿ. ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗಡ್ಡೆ, ಕುಫ್ರಿ ಜ್ಯೋತಿ ತಳಿ, ಮುಂಗಾರಿನ ಮೋಡ. ಅಂಗಮಾರಿ ವರ್ಷ ವರ್ಷ ಬಂತು. ಯೂರೋಪಿನಲ್ಲಿ 2004ರಲ್ಲಿ ಕಂಡ '13_ಎ2' ಅನ್ನೋ ರೋಗಾಣು ವಂಶ ಮೆಟಲಾಕ್ಸಿಲ್‌ಗೆ ಜಗ್ಗೋದಲ್ಲ. ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆ ಹೊಲಗಳಿಗೂ ಅದು ಬಂದಿರೋದನ್ನ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪ ಮತ್ತು ಜೊತೆಗಾರರು ಗುರುತಿಸಿದರು. ಅಂಥ ರೋಗಾಣುವಿನ ಮುಂದೆ ಅದೇ ಡಬ್ಬಿಯನ್ನು ಎಷ್ಟು ಹೊಡೆದರೇನು? ಹೊಡೆಯೋನ ಕೈಯಲ್ಲಿ ಏನು ತಪ್ಪಿತ್ತು?

ಸೋತವರು ಆಲೂಗಡ್ಡೆ ಬಿಟ್ಟು ಜೋಳಕ್ಕೆ ಹೋದರು. ಅಲ್ಲಿ ಕಾದಿದ್ದು ಬಿಳಿಸುಳಿ, ಕೇದಿಗೆ ರೋಗ ಅಂತಾರಲ್ಲ ಅದು. ಇದು ಅಂಗಮಾರಿಯ ದೂರದ ನೆಂಟ. ಬೀಜಕ್ಕೆ ಹಚ್ಚೋಕೂ, ಬೆಳೆಗೆ ಹೊಡೆಯೋಕೂ ಹೇಳೋದು ಮತ್ತದೇ ಮೆಟಲಾಕ್ಸಿಲ್! ಅಮೆರಿಕದ ಟೆಕ್ಸಾಸ್‌ನಲ್ಲಿ 2000ದ ದಶಕದ ಆರಂಭದಲ್ಲೇ ಇದೇ ರೋಗಾಣು, ಮೆಟಲಾಕ್ಸಿಲ್ ಹಚ್ಚಿದ ಬೀಜದ ಬಿಳಿಜೋಳದಲ್ಲೂ ಎದ್ದು ನಿಂತಿತ್ತು.

ಈಗ ನಮ್ಮ ಕೇರಿಯ ಪ್ರಶ್ನೆ. 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ದೊಡ್ಡ ಕಾನೂನು, ಬಹಳ ಜನಕ್ಕೆ ಭೂಮಿ ಕೊಟ್ಟಿತು. ಆದರೆ ಭೂಮಿ ಸಿಗದೇ ಉಳಿದವರು ಇವತ್ತಿಗೂ ಬಾಯಿಮಾತಲ್ಲಿ ಗುತ್ತಿಗೆಗೆ, ವಾರಕ್ಕೆ ಮಾಡ್ತಾರೆ. ಬೀಜ, ಗೊಬ್ಬರ, ಔಷಧಿಯ ಸಾಲ ಅವರದು. ಬೆನ್ನಿಗೆ ಪಂಪು ಕಟ್ಕೊಂಡು ವಿಷ ಉಸಿರಾಡೋದೂ ಅವರೇ. ಬೆಳೆ ಹೋದಾಗ ಪರಿಹಾರ ಮಾತ್ರ ಪಹಣಿ ನೋಡಿ ಬರುತ್ತೆ. ಪಹಣಿಯಲ್ಲಿ ಇವರ ಹೆಸರೇ ಇಲ್ಲ.

1845ರಲ್ಲಿ ಐರ್ಲೆಂಡಿಗೆ ಇದೇ ಅಂಗಮಾರಿ ಬಂದಾಗ ಸುಮಾರು ಹತ್ತು ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ತುಂಡು ಗೇಣಿಯವರು, ಕೂಲಿಗಳು. ಆಗಲೂ ಅಲ್ಲಿಂದ ಧಾನ್ಯ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. ರೋಗಕ್ಕೆ ಜಾತಿ ಇಲ್ಲ, ವರ್ಗ ಇಲ್ಲ. ನಷ್ಟಕ್ಕೆ ಎರಡೂ ಇದೆ.

ಹಾಗಾಗಿ ನಾವು ಕೇಳಬೇಕಾದ್ದು ಮೂರು. ನಮ್ಮ ತಾಲ್ಲೂಕುಗಳ ಬಿಳಿಸುಳಿ ರೋಗಾಣುವನ್ನು ಮೆಟಲಾಕ್ಸಿಲ್ ಎದುರು ಪರೀಕ್ಷೆ ಮಾಡಿ, ಫಲಿತಾಂಶವನ್ನು ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೆ ಕನ್ನಡದಲ್ಲಿ ಹಾಕಿ. ರೋಗ ತಡೆಯೋ ತಳಿಯ ಬೀಜ ಬಿತ್ತನೆಗೆ ಮುಂಚೆ ಕೊಡಿ. ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಉಳುತ್ತಿರೋರ ಹೆಸರು ಬರೆದುಕೊಳ್ಳಿ.

ಮುಂದಿನ ಗ್ರಾಮಸಭೆಗೆ ಹೋಗೋರು ಈ ಮೂರನ್ನೂ ಅರ್ಜಿಯಲ್ಲಿ ಬರೆದು, ಸ್ವೀಕೃತಿ ತಗೊಂಡೇ ಬನ್ನಿ.

ಜೈಭೀಮ್.