ಬಿ7 ಹುಡುಕಿಕೊಂಡು ಹೋದವರು

ಬೀಟಲ್ಸ್ ಚರಿತ್ರೆಯನ್ನು ಎಲ್ಲರೂ ವೇದಿಕೆಯಿಂದ ಶುರುಮಾಡುತ್ತಾರೆ. ನನಗೆ ಕುತೂಹಲ ಅದಕ್ಕೂ ಹಿಂದಿನ ತಾಲೀಮಿನ ಬಗ್ಗೆ. 1956ರಲ್ಲಿ ಲಿವರ್‌ಪೂಲ್ ಹುಡುಗರಿಗೆ ಸ್ಕಿಫಲ್ ಸಂಗೀತದ ಹುಚ್ಚು. ಬಟ್ಟೆ ಒಗೆಯುವ ಹಲಗೆಯೇ ತಾಳವಾದ್ಯ; ಚಹಾದ ಖಾಲಿ ಪೆಟ್ಟಿಗೆಗೆ ಕೋಲು, ದಾರ ಕಟ್ಟಿದರೆ ಬೇಸ್. ಲೆನನ್ ಕಟ್ಟಿದ ಕ್ವಾರಿಮೆನ್ ತಂಡ ಅವರ ತಾಯಿ ಜೂಲಿಯಾರ ಬಚ್ಚಲುಮನೆಯಲ್ಲೂ ಅಭ್ಯಾಸ ಮಾಡುತ್ತಿತ್ತು. ಸದ್ದು ಅಲ್ಲಿ ಚೆನ್ನಾಗಿ ಮೊಳಗುತ್ತಿತ್ತಂತೆ. ನಮ್ಮ ಬಚ್ಚಲು ಗಾಯಕರೂ ಒಪ್ಪುತ್ತಾರೆ. 1957ರ ಜುಲೈನಲ್ಲಿ ಪಾಲ್ ಮೆಕಾರ್ಟ್ನಿ ಪರಿಚಯವಾದರು. ಯಾರಿಗೋ ಬಿ7 ಕಾರ್ಡ್ ಗೊತ್ತೆಂದು ಕೇಳಿ, ಬಸ್ಸು ಹತ್ತಿ ಊರಿನ ಆಚೆ ತುದಿಗೆ ಹೋಗಿ ಕಲಿತದ್ದನ್ನು ಪಾಲ್ ಹೇಳಿಕೊಂಡಿದ್ದಾರೆ. ಸ್ವರಲಿಪಿ ಬಾರದವರು ಪರರ ಹಾಡನ್ನು ಕಿವಿಯಿಂದಲೇ ಬಿಚ್ಚಿ ಜೋಡಿಸಿದರು. ಅದನ್ನು ಬರೀ ನಕಲು ಎನ್ನಲು ನನಗೆ ಮನಸ್ಸಿಲ್ಲ. 1958ರಲ್ಲಿ ದುಡ್ಡು ಕೊಟ್ಟು ಧ್ವನಿಮುದ್ರಿಸಿಕೊಂಡ ತಟ್ಟೆಯ ಒಂದು ಬದಿಗೆ ಬಡಿ ಹಾಲಿಯ ಹಾಡಿತ್ತು. ಇನ್ನೊಂದು ಬದಿಗೆ ತಮ್ಮದೇ.