ಕೋಲ್ಡ್‌ಸ್ಟ್ರೀಮ್
ಸ್ಕಾಟ್ಲೆಂಡಿನ ಆಗ್ನೇಯ ಗಡಿಯಲ್ಲಿ, ಟ್ವೀಡ್ ನದಿಯ ಉತ್ತರ ದಂಡೆಯ ಮೇಲಿರುವ ಸಣ್ಣ ಪಟ್ಟಣ. ಎದುರು ದಂಡೆ ಇಂಗ್ಲೆಂಡಿಗೆ ಸೇರಿದೆ. ಇಲ್ಲಿ ಹೊಳೆಯನ್ನು ಹಾಯ್ದು ದಾಟಬಹುದಾಗಿದ್ದರಿಂದ ಮಧ್ಯಯುಗದ ಸೇನೆಗಳು ಈ ದಾರಿ ಹಿಡಿಯುತ್ತಿದ್ದವು. 1660ರ ಜನವರಿಯಲ್ಲಿ ಜನರಲ್ ಜಾರ್ಜ್ ಮಂಕ್ ತನ್ನ ಪಡೆಯೊಂದಿಗೆ ಇಲ್ಲಿಂದ ಲಂಡನ್ನಿಗೆ ಹೊರಟ. ಎರಡನೆಯ ಚಾರ್ಲ್ಸ್ ಪಟ್ಟವೇರಲು ಇದು ದಾರಿಯಾಯಿತು. ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ದಳಕ್ಕೆ ಹೆಸರು ಬಂದದ್ದೂ ಹೀಗೆ. ಜಾನ್ ಸ್ಮೀಟನ್ ರೂಪಿಸಿದ ಕಲ್ಲಿನ ಸೇತುವೆ 1760ರ ದಶಕದ್ದು. ಅದರ ಸುಂಕದ ಮನೆಯಲ್ಲಿ ಇಂಗ್ಲೆಂಡಿನಿಂದ ಓಡಿಬಂದ ಪ್ರೇಮಿಗಳ ಮದುವೆ ನಡೆಯುತ್ತಿತ್ತು. 1856ರ ಕಾಯಿದೆ ಇದಕ್ಕೆ ಕಡಿವಾಣ ಹಾಕಿತು. ಎ697 ಹೆದ್ದಾರಿ ಇದೇ ಸೇತುವೆಯ ಮೇಲೆ ಸಾಗುತ್ತದೆ. ಪಟ್ಟಣದ ಹೆಸರು ಹೊತ್ತ ರೈಲು ನಿಲ್ದಾಣ ಇದ್ದದ್ದು ಆಚೆ ದಡದ ಕಾರ್ನ್‌ಹಿಲ್‌ನಲ್ಲಿ. 1849ರಲ್ಲಿ ಆರಂಭವಾದ ಪ್ರಯಾಣಿಕ ಸಂಚಾರ 1964ರಲ್ಲಿ ನಿಂತಿತು. ಈಗ ಹತ್ತಿರದ ನಿಲ್ದಾಣ ಬೆರಿಕ್-ಅಪಾನ್-ಟ್ವೀಡ್.